ಚಹಾ ಅಗ್ಗವಾದಾಗ ಬಂಡಾಯವೇಕೆ? ತರಗತಿಯಲ್ಲಿ ನಾನು ಕಲಿಸುವ ಬಗೆ

ಪದವಿ ತರಗತಿಗೆ ಅಮೆರಿಕದ ಸ್ವಾತಂತ್ರ್ಯ ಸಮರದ ಪಾಠ ಮಾಡುವಾಗ ನಾನು ಕಾರಣಗಳ ಪಟ್ಟಿಯಿಂದ ಆರಂಭಿಸುವುದಿಲ್ಲ. ಭಾರವಾದ ತೆರಿಗೆ, ವ್ಯಾಪಾರದ ನಿರ್ಬಂಧ, ಬಾಸ್ಟನ್ ಟೀ ಪಾರ್ಟಿ ಎಂದು ಗೈಡಿನಲ್ಲಿರುವುದನ್ನೆಲ್ಲ ವಿದ್ಯಾರ್ಥಿಗಳು ಮೊದಲೇ ಬಾಯಿಪಾಠ ಮಾಡಿರುತ್ತಾರೆ. ನಾನು ಕಪ್ಪುಹಲಗೆಯ ಮೇಲೆ ಬರೆಯುವುದು ಒಂದೇ ಸಂಗತಿ: 1773ರ ಚಹಾ ಕಾಯ್ದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಚಹಾ ಅಮೆರಿಕದಲ್ಲಿ ಅಗ್ಗವಾಗುವುದಿತ್ತು. ಹಾಗಿದ್ದರೂ ಆ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾವನ್ನು ನೀರಿಗೆ ಸುರಿದದ್ದೇಕೆ?

ಬೆಲೆಯ ಲೆಕ್ಕದಲ್ಲಿ ಉತ್ತರ ಸಿಗುವುದಿಲ್ಲ. ಆಗ 1776ರ ಸ್ವಾತಂತ್ರ್ಯ ಘೋಷಣೆಯನ್ನು ತೆಗೆಯುತ್ತೇನೆ. ಮೂರನೆಯ ಜಾರ್ಜ್ ದೊರೆಯ ಮೇಲೆ ಅದರಲ್ಲಿ ಹೊರಿಸಿರುವ ದೂರುಗಳನ್ನು ಕನ್ನಡಕ್ಕೆ ಮಾಡಿಕೊಂಡು, ಜೆರಾಕ್ಸ್ ತೆಗೆಸಿ ಹಂಚಿ, ತೆರಿಗೆಯ ದೂರು ಎಲ್ಲಿದೆ ಹುಡುಕಿ ಎನ್ನುತ್ತೇನೆ. ಮೊದಲ ಸಾಲುಗಳಲ್ಲಿ ಸಿಗುವುದಿಲ್ಲ. ಇಪ್ಪತ್ತೇಳು ದೂರುಗಳಲ್ಲಿ ಹದಿನೇಳನೆಯದಾಗಿ, ಒಂದೇ ಸಾಲಿನಲ್ಲಿ ಅದು ಬಂದು ಹೋಗುತ್ತದೆ. ಅಲ್ಲಿಯೂ ಆಕ್ಷೇಪ ತೆರಿಗೆ ಹೆಚ್ಚಾಯಿತೆಂದಲ್ಲ, ನಮ್ಮ ಒಪ್ಪಿಗೆಯಿಲ್ಲದೆ ಹಾಕಿದರೆಂದು.

ಅದಕ್ಕೆ ಮುಂಚಿನ ದೂರುಗಳ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ನಾವು ಮಾಡಿದ ಕಾನೂನಿಗೆ ದೊರೆ ಅಂಕಿತ ಹಾಕಲಿಲ್ಲ, ನಮ್ಮ ಶಾಸನಸಭೆಗಳನ್ನು ವಿಸರ್ಜಿಸಿದ, ನ್ಯಾಯಾಧೀಶರ ಸಂಬಳವನ್ನು ತನ್ನ ಕೈಯಲ್ಲಿಟ್ಟುಕೊಂಡ. ನಾಲ್ಕನೆಯ ದೂರಂತೂ ನನಗೆ ಬಹಳ ಮುಖ್ಯ: ಸದಸ್ಯರು ದಣಿದು ಮಣಿಯಲೆಂದೇ, ದಾಖಲೆಗಳಿಂದ ದೂರವಾದ, ಅನುಕೂಲವಿಲ್ಲದ ಊರಿನಲ್ಲಿ ಸಭೆ ಕರೆದರು. ಒಂದು ಸಹಿಗಾಗಿ ತಾಲ್ಲೂಕು ಕಚೇರಿಗೆ ಅಲೆದವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದ ಮೇಲೆ ಇಸವಿಗಳು ತಾವಾಗಿ ಕೂಡಿಕೊಳ್ಳುತ್ತವೆ. ವರ್ಜೀನಿಯಾದಲ್ಲಿ 1619ರಿಂದಲೇ ಚುನಾಯಿತ ಸಭೆಯಿತ್ತು; ತಮ್ಮ ತೆರಿಗೆಯನ್ನು ತಾವೇ ವಿಧಿಸಿಕೊಳ್ಳುವ ರೂಢಿ ತಲೆಮಾರುಗಳಿಂದ ಬೇರೂರಿತ್ತು. ಫ್ರಾನ್ಸಿನೊಡನೆ ನಡೆದು 1763ರಲ್ಲಿ ಮುಗಿದ ಯುದ್ಧದ ಸಾಲದಡಿ ಬಳಲುತ್ತಿದ್ದ ಬ್ರಿಟನ್, 1765ರಲ್ಲಿ ಸ್ಟಾಂಪ್ ಕಾಯ್ದೆ ತಂದಿತು. ಪತ್ರಿಕೆ, ಕೋರ್ಟಿನ ಕಾಗದ, ಇಸ್ಪೀಟೆಲೆ ಎಲ್ಲಕ್ಕೂ ಸುಂಕ. ಎದುರು ಬಿದ್ದವರಲ್ಲಿ ಮುದ್ರಕರು, ವಕೀಲರು ಮುಂದಿದ್ದರು, ಅಂದರೆ ಊರಿಗೆಲ್ಲ ಸುದ್ದಿ ಮುಟ್ಟಿಸಬಲ್ಲವರೇ. ಮರುವರ್ಷ ಕಾಯ್ದೆ ರದ್ದಾಯಿತು. ಆದರೆ ಎಲ್ಲ ವಿಷಯಗಳಲ್ಲೂ ವಸಾಹತುಗಳಿಗೆ ಕಾನೂನು ಮಾಡುವ ಹಕ್ಕು ತನ್ನದೇ ಎಂದು ಸಂಸತ್ತು ಜೊತೆಗೇ ಘೋಷಿಸಿಕೊಂಡಿತು. ನನ್ನ ಮಟ್ಟಿಗೆ ಸಂಬಂಧ ಹಳಸಿದ್ದು ಅಲ್ಲಿಂದ. ಅಗ್ಗದ ಚಹಾದ ಮೇಲೂ ಸಂಸತ್ತು ಹಾಕಿದ ಸುಂಕ ಉಳಿದೇ ಇತ್ತು; ಅದನ್ನು ಕುಡಿದರೂ ಆ ಹಕ್ಕನ್ನು ಒಪ್ಪಿಕೊಂಡಂತೆ ಎಂದು ಬಾಸ್ಟನ್ನಿನವರಿಗೆ ಅನ್ನಿಸಿತು.

ಚಹಾ ಕಾಯ್ದೆಗೆ ಮುಂಚೆ ಕಂಪನಿಯ ಚಹಾ ಮಾರಾಟವಾಗದೆ ಲಂಡನ್ನಿನ ಗೋದಾಮುಗಳಲ್ಲಿ ಏಕೆ ಕೊಳೆಯುತ್ತಿತ್ತು ಎಂದು ಕೇಳುವವರಿಗೆ ಹೈದರಾಲಿಯನ್ನೂ ನೆನಪಿಸುತ್ತೇನೆ. 1769ರಲ್ಲಿ ಅವನು ಮದ್ರಾಸಿನ ಬಾಗಿಲಿಗೆ ಬಂದು ನಿಂತ ಕಾಲದಲ್ಲಿಯೇ ಕಂಪನಿಯ ಷೇರು ಕುಸಿದಿತ್ತು. ಚಹಾ ಉಳಿದದ್ದಕ್ಕೆ ಅವನೇ ಕಾರಣನಲ್ಲ, ಕಳ್ಳಸಾಗಣೆಯ ಡಚ್ ಚಹಾ ದೊಡ್ಡ ಕಾರಣ. ಆದರೆ ಅಮೆರಿಕನ್ನರಿಗೆ ಅವನ ಹೆಸರು ಗೊತ್ತಿತ್ತು. 1782ರಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ಯುದ್ಧನೌಕೆಯ ಹೆಸರೇ 'ಹೈದರಾಲಿ'.

1775ರ ಜುಲೈಯಲ್ಲಿಯೂ ವಸಾಹತುಗಳ ಕಾಂಗ್ರೆಸ್ ದೊರೆಗೆ ಶಾಂತಿಯ ಮನವಿ ಬರೆಯಿತು. ಅದು ವಾರಗಟ್ಟಲೆ ಕಡಲು ದಾಟಿ ಹೋಯಿತು. ದೊರೆ ಅದನ್ನು ಸ್ವೀಕರಿಸಲಿಲ್ಲ; ಆಗಸ್ಟ್ 23ರಂದು ವಸಾಹತುಗಳವರು ಬಂಡಾಯವೆದ್ದಿದ್ದಾರೆಂದು ಸಾರಿದ. ನಿಷ್ಠರಾಗಿದ್ದವರ ಬಾಯಿ ಕಟ್ಟಿದ್ದು ಈ ಉತ್ತರ.

ಕೊನೆಯ ಪೀರಿಯಡ್ಡನ್ನು ಸ್ವಾತಂತ್ರ್ಯ ಘೋಷಣೆ ಹೊರಗಿಟ್ಟವರಿಗಾಗಿ ಮೀಸಲಿಡುತ್ತೇನೆ. ವಸಾಹತುಗಳ ಜನಸಂಖ್ಯೆಯಲ್ಲಿ ಸುಮಾರು ಐದರಲ್ಲೊಂದು ಪಾಲು ಗುಲಾಮರು. 1775ರ ನವೆಂಬರಿನಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್ಮೋರ್, ಬಂಡುಕೋರರ ಗುಲಾಮರು ದೊರೆಯ ಪರ ಆಯುಧ ಹಿಡಿದರೆ ಬಿಡುಗಡೆ ಎಂದು ಸಾರಿದಾಗ ನೂರಾರು ಮಂದಿ ಓಡಿಹೋಗಿ ಅವನನ್ನು ಸೇರಿದರು. "ಸರ್, ಅವರ ಕಣ್ಣಿಗೆ ದೂರದ ಸರ್ಕಾರ ಯಾವುದು?" ಎಂದು ಒಬ್ಬ ವಿದ್ಯಾರ್ಥಿನಿ ಒಮ್ಮೆ ಕೇಳಿದಳು. ಈಗ ಪ್ರತಿವರ್ಷ ಆ ಪ್ರಶ್ನೆಯನ್ನೇ ಕಿರುಪರೀಕ್ಷೆಗೆ ಕೊಡುತ್ತೇನೆ.