ಕಾಪಿ ಮಾಡುವ ಮೊದಲು ಫೈಲ್ ಹೆಸರು ನೋಡಿ

ಲಿನಕ್ಸ್ ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ದೊಡ್ಡ ಫೋಲ್ಡರ್ ಕಾಪಿಗೆ ಹಾಕಿ ಎದ್ದು ಹೋಗುತ್ತಾರೆ. ಬಂದು ನೋಡಿದರೆ ಯಾವುದೋ ಫೈಲ್‌ನ ಹೆಸರು ಹಿಡಿಸದೆ ಅರ್ಧಕ್ಕೇ ನಿಂತಿರುತ್ತದೆ. ಸುಮ್ನೆ ‘ಸ್ಕಿಪ್’ ಒತ್ತುತ್ತಾರೆ. ಯಾವ ಫೈಲ್ ಬಿಟ್ಟುಹೋಯಿತು ಅಂತ ಆಮೇಲೆ ಯಾರು ಹುಡುಕುತ್ತಾರೆ? ಹೆಸರು ಸರಿ ಮಾಡುವುದಿದ್ದರೆ ಮೂಲ ಫೋಲ್ಡರ್‌ನಲ್ಲೇ, ಕಾಪಿಗೆ ಮೊದಲೇ ಮಾಡಿ.

1. ಪ್ರಾಪರ್ಟೀಸ್‌ನಲ್ಲಿ ಡ್ರೈವ್‌ನ ಫಾರ್ಮ್ಯಾಟ್ ನೋಡಿ. ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಫೈಲ್ ಹಿಡಿಸುವುದಿಲ್ಲ. ಡ್ರೈವ್‌ನಲ್ಲಿರುವುದನ್ನು ಬೇರೆ ಕಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

2. ಚಿಹ್ನೆಗಳನ್ನು ತೆಗೆಯಿರಿ. ಲಿನಕ್ಸ್‌ಗೆ / ಒಂದು ಬಿಟ್ಟರೆ ಉಳಿದ ಚಿಹ್ನೆಗಳ ತಕರಾರಿಲ್ಲ. ವಿಂಡೋಸ್‌ಗೂ ಫ್ಯಾಟ್32, ಎಕ್ಸ್‌ಫ್ಯಾಟ್ ಡ್ರೈವ್‌ಗೂ \ / : * ? " < > | ಯಾವುದೂ ಆಗದು. ಹೆಸರಿನ ಕೊನೆಗೆ ಚುಕ್ಕಿ, ಸ್ಪೇಸ್ ಕೂಡ ಬೇಡ. ‘ಸಭೆ 10:30’ ಅನ್ನು ‘ಸಭೆ 10-30’ ಮಾಡಿ. ಉಬುಂಟು ಲಿನಕ್ಸ್‌ನ ಫೈಲ್ಸ್ ಆ್ಯಪ್‌ನಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ ಎಫ್2 ಒತ್ತಿದರೆ ಒಟ್ಟಿಗೇ ಬದಲಿಸಬಹುದು. ಇಂಗ್ಲಿಷ್ ಬಿಟ್ಟು ಮಿಕ್ಕ ಅಕ್ಷರವನ್ನೆಲ್ಲ ‘ಕ್ಲೀನ್’ ಮಾಡುವ ಪುಕ್ಕಟೆ ರಿನೇಮರ್‌ಗಳನ್ನು ಮುಟ್ಟಲೇಬೇಡಿ. ಕನ್ನಡ ಹೆಸರು ಪೂರ್ತಿ ಹೋಗಿ ಬರೀ ಅಡ್ಡಗೆರೆ ಉಳಿಯುತ್ತದೆ.

3. ಉದ್ದ ನೋಡಿ. ಕನ್ನಡದವರು ಜಾಸ್ತಿ ಎಡವುವುದು ಇಲ್ಲೇ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ ಹೆಸರಿಗೆ 255 ಸಂಕೇತಗಳ (ಕಂಪ್ಯೂಟರ್ ಬಿಡಿಬಿಡಿಯಾಗಿ ಎಣಿಸುವ ಅಕ್ಷರ, ಗುಣಿತದ ಗುರುತು) ಮಿತಿ. ಲಿನಕ್ಸ್‌ನ ಎಕ್ಸ್ಟ್4 ಫಾರ್ಮ್ಯಾಟ್‌ನಲ್ಲಿ 255 ಬೈಟ್. ಇಂಗ್ಲಿಷಿನಲ್ಲಿ ಎರಡೂ ಒಂದೇ. ಆದರೆ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ‘ಶ್ರೀ’ ಕಣ್ಣಿಗೆ ಒಂದಕ್ಷರ. ಒಳಗೆ ಶ, ವಿರಾಮ (್), ರ, ದೀರ್ಘ ಈ (ೀ) ಅಂತ ನಾಲ್ಕು, ಒಟ್ಟು 12 ಬೈಟ್. ಯಕ್ಷಗಾನದ ರೆಕಾರ್ಡಿಂಗ್‌ಗೆ ‘ಶ್ರೀಕೃಷ್ಣ ಸಂಧಾನ’ ಅಂತ ಹೆಸರಿಟ್ಟರೆ ಅಷ್ಟಕ್ಕೇ 43 ಬೈಟ್ ಖರ್ಚು. ಮೇಲೆ ಮೇಳ, ಭಾಗವತರು, ವೇಷಧಾರಿಗಳು, ಊರು, ತಾರೀಕು ಎಲ್ಲ ಸೇರಿಸುತ್ತಾರೆ ಅಲ್ವಾ? ವಿಂಡೋಸ್‌ನಲ್ಲಿ ಆರಾಮಾಗಿದ್ದ ಫೈಲ್ ಲಿನಕ್ಸ್‌ಗೆ ಬರುವಾಗ ‘ಹೆಸರು ಉದ್ದವಾಯಿತು’ ಅಂತ ನಿಲ್ಲುತ್ತದೆ. ಕನ್ನಡ ಅಂಕಿಗೂ ತಲಾ 3 ಬೈಟ್, 1, 2, 3ಕ್ಕೆ ಒಂದೊಂದೇ. ಹಾಗಾಗಿ ತಾರೀಕನ್ನು 2024-01-15 ಹೀಗೆ ಮೊದಲು ಬರೆಯಿರಿ, ಸಾಲಾಗಿಯೂ ನಿಲ್ಲುತ್ತವೆ. ಹೆಸರು ಐದಾರು ಪದ ದಾಟಬಾರದು. ಕಲಾವಿದರ ಪಟ್ಟಿಗೆ ಅದೇ ಫೋಲ್ಡರ್‌ನಲ್ಲಿ ಒಂದು ಟೆಕ್ಸ್ಟ್ ಫೈಲ್ ಇಡಿ.

ಜಿಪ್ ಮಾಡಿ ಒಯ್ದರೆ ಸಾಕು ಅನ್ನುವವರಿದ್ದಾರೆ. ಬಿಚ್ಚುವಾಗ ಅದೇ ಗೋಳು. ಹಳೇ ಸಾಫ್ಟ್‌ವೇರ್ ಆದರೆ ಕನ್ನಡ ಹೆಸರು ಕಲಸುಮೇಲೋಗರವೂ ಆಗಬಹುದು. ಲಿನಕ್ಸ್‌ನಿಂದ ಲಿನಕ್ಸ್‌ಗೇ ಹೋಗುವುದಾದರೆ ಮಾತ್ರ ಟಾರ್ (ಫೈಲ್‌ಗಳನ್ನೆಲ್ಲ ಒಂದೇ ಫೈಲ್ ಆಗಿಸುವ ಲಿನಕ್ಸ್‌ನ ಗಂಟು) ಕಟ್ಟಿ, ಅದು ಒಳ್ಳೆಯ ದಾರಿ.

4. ಅವಳಿ ಹೆಸರು ಹುಡುಕಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಮಾತ್ರ ಇರುವ ಎರಡು ಫೈಲ್ ಲಿನಕ್ಸ್‌ನಲ್ಲಿ ಬೇರೆ ಬೇರೆ. ಎಕ್ಸ್‌ಫ್ಯಾಟ್‌ಗೆ ಎರಡೂ ಒಂದೇ. ‘ರಿಪ್ಲೇಸ್ ಆಲ್’ ಒತ್ತಿದರೆ ಮೊದಲನೆಯದು ಹೋಯಿತು. ಹಳೇ ಮ್ಯಾಕ್ ಡಿಸ್ಕ್‌ನ ಎಚ್‌ಎಫ್‌ಎಸ್ ಪ್ಲಸ್ ಫಾರ್ಮ್ಯಾಟ್‌ನದು ಇದರ ಉಲ್ಟಾ. ‘ಕೋಲಾರ’ದ ಓತ್ವವನ್ನು ಅದು ಮೂರು ತುಂಡು ಮಾಡಿ ಇಡುತ್ತದೆ. ಆಗಲೇ ಒಂದು ‘ಕೋಲಾರ’ ಇರುವ ಲಿನಕ್ಸ್ ಫೋಲ್ಡರ್‌ಗೆ ತಂದರೆ ಪಕ್ಕಪಕ್ಕದಲ್ಲಿ ಎರಡು ‘ಕೋಲಾರ’. ಎರಡನ್ನೂ ತೆರೆದು ನೋಡದೆ ಒಂದನ್ನು ಅಳಿಸಬೇಡಿ.

5. ಈಗ ಕಾಪಿ ಮಾಡಿ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಹೋಲಿಸಿ. ಒಂದು ಕಡಿಮೆ ಬಂದರೂ ಮೂಲವನ್ನು ಅಳಿಸದೆ ನಾಲ್ಕನೇ ಹಂತಕ್ಕೆ ವಾಪಸ್ ಹೋಗಿ.