ಬೀಪಿ ಮಾತ್ರೆ ಜೊತೆ ಏನೇನು ಸೇರ್ಬಾರ್ದು? ಮೊದ್ಲು ಮಾತ್ರೆ ಡಬ್ಬಿ ಸುರೀರಿ

ನಮ್ಮಮ್ಮನ ಮಾತ್ರೆಗಳೆಲ್ಲ ಇರೋದು ಒಂದು ಹಳೇ ಬಿಸ್ಕೆಟ್ ಡಬ್ಬೀಲಿ, ಹೋದ್ವಾರ ಅದನ್ನ ಮಂಚದ ಮೇಲೆ ಸುರಿದು ನೋಡಿದ್ರೆ ಬೀಪೀದು, ಶುಗರ್‌ದು, ಗ್ಯಾಸಿಂದು, ಮಂಡಿನೋವಿಂದು, ಜೊತೆಗೆ ಹೆಸರೇ ಇಲ್ಲದ ಎರಡು ತುಂಡು ಸ್ಟ್ರಿಪ್ಪು. ನೀವೂ ಇಲ್ಲಿಂದಾನೇ ಶುರು ಮಾಡಿ.

ಮೊದ್ಲು ಸ್ಟ್ರಿಪ್ಪಲ್ಲಿ ಸಣ್ಣಕ್ಷರ ಓದಿ. ದಪ್ಪಕ್ಷರದ್ದು ಕಂಪನಿ ಇಟ್ಟ ಹೆಸರು, ನಮಗೆ ಬೇಕಿರೋದು ಔಷಧಿ ಹೆಸರು: ಟೆಲ್ಮಿಸಾರ್ಟನ್, ರಾಮಿಪ್ರಿಲ್, ಆಮ್ಲೋಡಿಪಿನ್, ಮೆಟೊಪ್ರೊಲಾಲ್ ಇಂಥವು. ಟೆಲ್ಮಿಸಾರ್ಟನ್ ಬ್ರ್ಯಾಂಡಿಗೆ 'ಎಚ್' ಅಂತ ಬಾಲ ಇದ್ರೆ ಸಾಮಾನ್ಯವಾಗಿ ಮೂತ್ರ ಜಾಸ್ತಿ ಮಾಡೋ ಹೈಡ್ರೋಕ್ಲೋರೋಥಯಾಜೈಡೂ ಸೇರಿರುತ್ತೆ. ಎಲ್ಲಾ ಒಂದು ಚೀಟೀಲಿ ಬರ್ಕೊಳ್ಳಿ.

ಆಮೇಲೆ ನೋವಿನ ಮಾತ್ರೆ ಹುಡುಕಿ, ಜನ ಎಡವೋದು ಇಲ್ಲೇ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಇವೆಲ್ಲ ಮೈಯಲ್ಲಿ ಉಪ್ಪು, ನೀರು ಹಿಡಿದಿಡ್ತವೆ, ಬೀಪಿ ಏರುತ್ತೆ, ನಾವು ಬೀಪಿ ಮಾತ್ರೇನ ಬೈತೀವಿ. ಟೆಲ್ಮಿಸಾರ್ಟನ್ ತರದ್ದು, ಮೂತ್ರದ್ದು, ನೋವಿಂದು ಮೂರೂ ಒಟ್ಟಿಗೆ ಬಿದ್ರೆ ಕಿಡ್ನಿಗೇ ಪೆಟ್ಟು, ವಾಂತಿ ಭೇದಿ ಆಗಿ ಮೈಯಲ್ಲಿ ನೀರು ಕಮ್ಮಿ ಆದಾಗಂತೂ ಇನ್ನೂ ಅಪಾಯ. ಅಪರೂಪದ ನೋವಿಗೆ ಪ್ಯಾರಾಸಿಟಮಾಲ್ ವಾಸಿ, ಆದ್ರೆ ನೀರಲ್ಲಿ ಬುಸ್ ಅಂತ ಕರಗೋದು ಬೇಡ, ಅದ್ರಲ್ಲಿ ಸೋಡಿಯಂ ಇರುತ್ತೆ. ಹಾರ್ಟಿಗೆ ಅಂತ ಡಾಕ್ಟ್ರು ಕೊಟ್ಟ ಸಣ್ಣ ಡೋಸ್ ಆಸ್ಪಿರಿನ್ ಬೇರೆ ಲೆಕ್ಕ, ಅದನ್ನ ನಿಲ್ಲಿಸ್ಬೇಡಿ.

ನೆಗಡಿ ಮಾತ್ರೇಲಿ ಫಿನೈಲೆಫ್ರಿನ್ ಅಂತಿದ್ರೆ ಪಕ್ಕಕ್ಕಿಡಿ, ಅದು ರಕ್ತನಾಳ ಬಿಗಿ ಮಾಡುತ್ತೆ.

ಮುಂದಿನದು ಅಡುಗೆಮನೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಎರಡೂ ರಕ್ತದಲ್ಲಿ ಪೊಟ್ಯಾಸಿಯಂ ಉಳಿಸ್ಕೊಳ್ತವೆ. ಬೀಪಿಗೆ ಒಳ್ಳೇದು ಅಂತ ತರೋ ಲೋ ಸೋಡಿಯಂ ಉಪ್ಪಲ್ಲಿರೋದೂ ಪೊಟ್ಯಾಸಿಯಮ್ಮೇ, ಎಳನೀರಲ್ಲೂ ಅದೇ. ಕಿಡ್ನಿ ಸರಿ ಇದ್ರೆ ಯಾವಾಗ್ಲೋ ಒಂದು ಎಳನೀರಿಗೆ ಯಾರೂ ಬೇಡ ಅನ್ನಲ್ಲ, ಆದ್ರೆ ತಂಪು ಅಂತ ದಿನಾ ಎರಡೆರಡು ಕುಡಿಯೋರು, ಸ್ಪಿರೊನೊಲ್ಯಾಕ್ಟೋನ್ (ಇದು ಪೊಟ್ಯಾಸಿಯಂ ಉಳಿಸ್ಕೊಳ್ಳೋ ಮೂತ್ರದ ಮಾತ್ರೆ) ತಗೊಳ್ಳೋರು ರಕ್ತ ಟೆಸ್ಟ್ ಮಾಡಿಸ್ಲೇಬೇಕು, ಪೊಟ್ಯಾಸಿಯಂ ಮಿತಿ ಮೀರಿದ್ರೆ ಹಾರ್ಟ್ ಬಡಿತಾನೇ ತಪ್ಪುತ್ತೆ. ಕೆಮ್ಮಿಗೆ ಅಂತ ವಾರಗಟ್ಟಲೆ ಕುಡಿಯೋ ಜ್ಯೇಷ್ಠಮಧು ಕಷಾಯದ್ದು ಉಲ್ಟಾ ಕಥೆ, ಪೊಟ್ಯಾಸಿಯಂ ಇಳಿಸಿ ಬೀಪಿ ಏರಿಸುತ್ತೆ.

ಶುಗರ್ ಇರೋರಿಗೆ ಮೆಟೊಪ್ರೊಲಾಲ್, ಅಟೆನೊಲಾಲ್ ಕೊಟ್ಟಿದ್ರೆ ಒಂದು ಗಮನದಲ್ಲಿರ್ಲಿ: ಶುಗರ್ ಲೋ ಆದಾಗ ಬರೋ ಕೈನಡುಕ, ಎದೆ ಡವಡವ ಗೊತ್ತಾಗ್ದೇ ಹೋಗ್ಬೋದು, ಬೆವರು ಮಾತ್ರ ಬರುತ್ತೆ.

ಚೀಟಿ ಡಾಕ್ಟ್ರಿಗೆ ತೋರ್ಸಿ, ಬೀಪಿ ಮಾತ್ರೆ ಮಾತ್ರ ನೀವೇ ನಿಲ್ಲಿಸ್ಬೇಡಿ. ಅಂಗಡೀಲಿ ಸ್ಟ್ರಿಪ್ ಕತ್ತರಿಸಿದ್ರೆ ಹೆಸರಿರೋ ಕಡೇನೇ ಕೇಳಿ ತಗೊಳ್ಳಿ. ಅಮ್ಮನ ಆ ಎರಡು ತುಂಡಲ್ಲಿ ಒಂದು ಡೈಕ್ಲೋಫೆನಾಕ್, ಇನ್ನೊಂದೇನು ಅಂತ ಕೊಟ್ಟ ಅಂಗಡಿಯವ್ರಿಗೂ ಗೊತ್ತಾಗ್ಲಿಲ್ಲ.