ಲೈಟ್ ಫೀಲ್ಡ್ ಚಿತ್ರದ ಗುಣಮಟ್ಟ: ಓಡಿಸಿ ನೋಡಿ, ಆಮೇಲೆ ಅಂಕ ಕೊಡಿ

ಲಿಟ್ರೋ ಇಲ್ಲಮ್ ಕ್ಯಾಮೆರಾದ ಒಂದು ಕ್ಲಿಕ್‌ನಿಂದ ನಾವು ಸಾಮಾನ್ಯವಾಗಿ 15×15 ನೋಟಗಳನ್ನು ಬಿಡಿಸಿಕೊಳ್ಳುತ್ತೇವೆ. ಒಂದೇ ದೃಶ್ಯ, ಚೂರು ಚೂರೇ ಸರಿದ ಜಾಗಗಳಿಂದ. ಈ ನೋಟಗಳ ಗುಂಪೇ ಲೈಟ್ ಫೀಲ್ಡ್ ಚಿತ್ರ. ಕಂಪ್ರೆಸ್ ಮಾಡಿದ (ಫೈಲ್ ಗಾತ್ರ ಕುಗ್ಗಿಸಿದ) ಮೇಲೆ ನಟ್ಟನಡುವಿನ ನೋಟವನ್ನಷ್ಟೇ ತೆರೆದು 'ಚೆನ್ನಾಗಿದೆ' ಎನ್ನುವವರು ಜಾಸ್ತಿ. ನಾನಿದನ್ನು ಒಪ್ಪುವುದಿಲ್ಲ. ಹಾನಿ ಎದ್ದು ಕಾಣುವುದು ಒಂದು ನೋಟದಿಂದ ಇನ್ನೊಂದಕ್ಕೆ ಹೋಗುವಾಗ.

ಹಾಗಾಗಿ ಮೊದಲು ನೋಟಗಳನ್ನು ಸಾಲಾಗಿ ಜೋಡಿಸಿ ವಿಡಿಯೊ ಮಾಡಿಕೊಳ್ಳಿ. ಮೊದಲ ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ. ಹೀಗೆ ಹೋದರೆ ಎಲ್ಲೂ ದೊಡ್ಡ ನೆಗೆತ ಇರುವುದಿಲ್ಲ. ಲಿಟ್ರೋದ ಮೂಲೆಯ ನೋಟಗಳು ಮೂಲದಲ್ಲೇ ಕಪ್ಪಾಗಿರುತ್ತವೆ, ಅವನ್ನು ಬಿಟ್ಟುಬಿಡಿ. ಆ ಕಪ್ಪಿನ ತಪ್ಪನ್ನು ಸುಮ್ನೆ ಕೋಡೆಕ್ (ಕಂಪ್ರೆಸ್ ಮಾಡುವ ತಂತ್ರಾಂಶ) ಮೇಲೆ ಹಾಕಬಾರದು, ಅಲ್ವಾ?

ಪರೀಕ್ಷೆಗೆ ನಾನು ಮೊದಲು ಎತ್ತಿಕೊಳ್ಳುವುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೈಟ್ ಫೀಲ್ಡ್ ಸಂಗ್ರಹದ ಟ್ಯಾರೋ ಚಿತ್ರ. 17×17 ನೋಟ, ಟ್ಯಾರೋ ಕಾರ್ಡುಗಳ ನಡುವೆ ಒಂದು ಗಾಜಿನ ಗುಂಡು. ನೋಟ ಸರಿದಂತೆ ಗುಂಡಿನೊಳಗೆ ಕಾಣುವ ಚಿತ್ರ ಹೊರಗಿನ ಕಾರ್ಡುಗಳ ಜೊತೆ ಸರಿಯುವುದಿಲ್ಲ, ಬೇರೆಯದೇ ದಾರಿ ಹಿಡಿಯುತ್ತದೆ. ಪಕ್ಕದ ನೋಟ ನೋಡಿ ಊಹಿಸುವ ಕೋಡೆಕ್‌ಗೆ ಇದು ಕಷ್ಟದ ಜಾಗ. ಅಲ್ಲಿ ಕಣ್ಣಿಡಿ. ನಡುಕ ಇದೆಯಾ? ಗೆರೆಗಳು ಒಮ್ಮೆ ಚೂಪಾಗಿ, ಮರುಕ್ಷಣ ಮಸುಕಾಗುತ್ತಿವೆಯಾ? ಹತ್ತಿರದ ವಸ್ತುವಿನ ಅಂಚನ್ನೂ ಹೀಗೇ ನೋಡಿ.

ರೀಫೋಕಸ್ (ತೆಗೆದ ಮೇಲೆ ಫೋಕಸ್ ಬದಲಿಸುವುದು) ಮಾಡಿಯೂ ನೋಡಬೇಕು. ಆದರೆ ಅದೊಂದನ್ನೇ ನಂಬಬೇಡಿ. ರೀಫೋಕಸ್ ಎಂದರೆ ಹಲವು ನೋಟಗಳ ಸರಾಸರಿ. ಆ ಸರಾಸರಿಯಲ್ಲಿ ಬಿಡಿ ನೋಟಗಳ ದೋಷ ಕರಗಿಹೋಗುತ್ತದೆ. ಎಲ್ಲ ನೋಟಗಳ ಸರಾಸರಿ ಪಿಎಸ್‌ಎನ್‌ಆರ್‌ (ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಎಂದು ಲೆಕ್ಕ ಹಾಕುವ ಅಳತೆ) ಕಥೆಯೂ ಅದೇ: ಕೆಟ್ಟ ನೋಟ ಒಳ್ಳೆಯವುಗಳ ಹಿಂದೆ ಅಡಗುತ್ತದೆ.

ಇನ್ನು ಅಂಕ ಕೊಡುವ ಜನ. ಐಟಿಯು-ಆರ್ ಬಿಟಿ.500 (ಚಿತ್ರದ ಗುಣಮಟ್ಟಕ್ಕೆ ಜನರಿಂದ ಅಂಕ ಕೊಡಿಸುವ ಬಗೆಗಿನ ಅಂತರರಾಷ್ಟ್ರೀಯ ಶಿಫಾರಸು) ಹೇಳುವಂತೆ ಕನಿಷ್ಠ 15 ಮಂದಿ ಬೇಕು. ಸ್ನೆಲೆನ್ ಚಾರ್ಟ್‌ನಲ್ಲಿ ದೃಷ್ಟಿ, ಇಶಿಹಾರಾ ಚಾರ್ಟ್‌ನಲ್ಲಿ ಬಣ್ಣ ಗುರುತಿಸುವುದನ್ನು ಮೊದಲೇ ಪರೀಕ್ಷಿಸಿ. ಮೂಲ ಮತ್ತು ಕಂಪ್ರೆಸ್ ಆದದ್ದು ಎರಡನ್ನೂ ತೋರಿಸಿ. ವ್ಯತ್ಯಾಸ ಕಾಣಲೇ ಇಲ್ಲ ಎಂದರೆ 5, ಕಂಡರೂ ಕಿರಿಕಿರಿ ಇಲ್ಲ ಎಂದರೆ 4, ತೀರಾ ಕಿರಿಕಿರಿ ಎಂದರೆ 1. ನಡುವೆ ಹೇಳದೆ ಮೂಲದ ಪಕ್ಕ ಮೂಲವನ್ನೇ ಇಡಿ. ಅದಕ್ಕೂ 2 ಕೊಡುವವರ ಅಂಕಗಳನ್ನು ಇನ್ನೊಮ್ಮೆ ಪರಿಶೀಲಿಸಬೇಕು. ಅರ್ಧ ಗಂಟೆಗಿಂತ ಹೆಚ್ಚು ಕೂರಿಸಬೇಡಿ, ಕಣ್ಣು ಸೋಲುತ್ತದೆ.

ಸರಾಸರಿ ಅಂಕದ ಜೊತೆ ಶೇ 95ರ ವಿಶ್ವಾಸ ವ್ಯಾಪ್ತಿಯನ್ನೂ (ನಿಜವಾದ ಸರಾಸರಿ ಇರಬಹುದಾದ ಹರವು) ಬರೆಯಿರಿ. ನೋಟಗಳನ್ನು ಯಾವ ಕ್ರಮದಲ್ಲಿ, ಯಾವ ವೇಗದಲ್ಲಿ ಓಡಿಸಿದಿರಿ ಎಂಬುದನ್ನೂ ಬರೆಯಿರಿ. ವೇಗ ಬದಲಾದರೆ ಕಾಣುವ ನಡುಕವೂ ಬದಲಾಗುತ್ತದೆ, ಆಗ ನಿಮ್ಮ ಅಂಕವನ್ನು ಇನ್ನೊಬ್ಬರ ಅಂಕದ ಜೊತೆ ಹೋಲಿಸಲು ಬರುವುದಿಲ್ಲ.